ಕೈಗೆಟುಕುವ ಪಟ್ಟಿ

'ಹತ್ತಿರ' ಎಂಬ ಮಾತಿಗೆ ನಮ್ಮಲ್ಲಿ ಅಳತೆಯ ಅರ್ಥವೂ ಉಂಟು, ಮನಸ್ಸಿನ ಅರ್ಥವೂ ಉಂಟು. ಹತ್ತಿರದ ಊರು ಎಂದರೆ ಮೈಲಿಗಳ ಲೆಕ್ಕ. ಹತ್ತಿರದವರು ಎಂದರೆ ಬೇರೆಯ ಲೆಕ್ಕ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಒಲೆಯ ಪಕ್ಕದಲ್ಲೇ ಇರಬೇಕು. ದೊಡ್ಡ ಕೊಪ್ಪರಿಗೆ ವರ್ಷಕ್ಕೆ ಎರಡು ಸಲ ಅಟ್ಟದಿಂದ ಇಳಿದರೆ ಸಾಕು. ಯಾವುದು ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವವರು ಅಡುಗೆ ಮಾಡುವವರು. ಅವರ ಕೈಯನ್ನು ಬಲ್ಲವರಿಗೆ ಅವರ ಗೂಡುಗಳನ್ನು ನೋಡಿದರೆ ಮನೆಯ ಊಟ ಎಂಥದೆಂದು ತಿಳಿಯುತ್ತದೆ.

ಕಂಪ್ಯೂಟರಿನಲ್ಲಿಯೂ ಇಂಥದೊಂದು ಸಣ್ಣ ಗೂಡು ಇದೆ. ಪರದೆಯ ಮೂಲೆಯಲ್ಲಿ ಒತ್ತಿದರೆ ಬಿಚ್ಚಿಕೊಳ್ಳುವ ಮೆನು, ಅದರೊಳಗೆ ನಾವೇ ಸೇರಿಸಿಕೊಂಡ ನಾಲ್ಕಾರು ಫೋಲ್ಡರುಗಳ ಹೆಸರು. ಇಷ್ಟು ಅಲ್ಪವಾದ ಸಂಗತಿಗೂ ಒಂದು ಚರಿತ್ರೆ ಇದೆಯೇ ಎಂದು ಓದುಗರು ಕೇಳಬಹುದು. ಇದೆ. ಒಬ್ಬ ಮನುಷ್ಯನ ಕೈಗೆ ಯಾವುದು ಹತ್ತಿರವಿರಬೇಕೆಂಬುದನ್ನು ಆ ಮನುಷ್ಯನೇ ಗೊತ್ತುಮಾಡಬೇಕೇ, ಯಂತ್ರ ಗೊತ್ತುಮಾಡಬೇಕೇ ಎಂಬ ವ್ಯಾಜ್ಯದ ಚರಿತ್ರೆ ಅದು.

ಮೊದಲು ಹೆಸರುಗಳನ್ನು ನೋಡೋಣ. ಇಂಗ್ಲಿಷಿನ 'ಫೈಲ್' ಎಂಬ ಮಾತು ದಾರ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿಡುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ. ನಮ್ಮ ತಾಳೆಗರಿಗಳನ್ನೂ ತೂತು ಕೊರೆದು ದಾರದಲ್ಲಿ ಪೋಣಿಸಿಯೇ ಇಡುತ್ತಿದ್ದರು. 'ಮೆನು' ಫ್ರೆಂಚರ ಮಾತು. ಅದರ ಮೂಲಾರ್ಥ ಸಣ್ಣದು, ಸೂಕ್ಷ್ಮವಾದದ್ದು ಎಂದು. ಆಮೇಲೆ ವಿವರವಾದ ಪಟ್ಟಿ ಎಂದಾಗಿ, ಊಟದ ಪಟ್ಟಿಗೆ ನಿಂತಿತು. ಫೈಲಿಗೆ ಕನ್ನಡದಲ್ಲಿ ನಾವು ಬಳಸುವ 'ಕಡತ' ಮೊದಲು ಒಂದು ವಸ್ತುವಿನ ಹೆಸರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಲಿನ ಪುಡಿ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಕಾಗದಗಳನ್ನು ನೆಟ್ಟಗೆ ನಿಲ್ಲಿಸಿಡುವ ಡ್ರಾಯರು ಬಂದದ್ದು ಬಹಳ ಈಚೆಗೆ. ಗ್ರಂಥಾಲಯಗಳಿಗೆ ಸಾಮಾನು ಒದಗಿಸುತ್ತಿದ್ದ ಲೈಬ್ರರಿ ಬ್ಯೂರೋ ಎಂಬ ಅಮೆರಿಕದ ಸಂಸ್ಥೆ 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟಿತು. ಇಂದು ಪರದೆಯ ಮೇಲೆ ಕಾಣುವ ಹಳದಿ ಫೋಲ್ಡರಿನ ಚಿತ್ರ ಆ ಡ್ರಾಯರಿನ ವಂಶದ್ದು.

ಡ್ರಾಯರಿನ ವ್ಯವಸ್ಥೆ ಕಚೇರಿಗೆ ಒಪ್ಪುತ್ತದೆ. ಮನುಷ್ಯನ ಮನಸ್ಸಿಗೆ ಒಪ್ಪುವುದಿಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ವನ್ನೆವರ್ ಬುಷ್ ಒಬ್ಬರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಜ್ಞಾನ ಸಂಶೋಧನೆಯ ಹೊಣೆ ಹೊತ್ತಿದ್ದ ಈ ಇಂಜಿನಿಯರು 1945ರ ಜುಲೈನಲ್ಲಿ 'ಅಟ್ಲಾಂಟಿಕ್' ಮಾಸಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮೈಕ್ರೋಫಿಲ್ಮ್ ತುಂಬಿದ ಒಂದು ಮೇಜನ್ನು ಅವರು ಕಲ್ಪಿಸಿಕೊಂಡು ಅದಕ್ಕೆ 'ಮೆಮೆಕ್ಸ್' ಎಂದು ಹೆಸರಿಟ್ಟರು. ಅದರ ಒಡೆಯ ತಾನು ಓದಿದ್ದರ ನಡುವೆ ತನ್ನದೇ ಹಾದಿಗಳನ್ನು ಕಟ್ಟಿಕೊಳ್ಳಬಹುದು, ಬೇಕಾದಾಗ ಅದೇ ಹಾದಿಯಲ್ಲಿ ಮತ್ತೆ ನಡೆಯಬಹುದು, ಗೆಳೆಯನಿಗೂ ಕೊಡಬಹುದು. ಮೆಮೆಕ್ಸನ್ನು ಯಾರೂ ಕಟ್ಟಲಿಲ್ಲ. ಆದರೆ ಹಾದಿ ಹಾಕುವವನು ಬಳಸುವವನೇ ಆಗಿರಬೇಕೆಂಬ ಮಾತು ಉಳಿಯಿತು.

ಆಗ ಬಂದ ಕಂಪ್ಯೂಟರುಗಳು ಇಂಥ ಉಪಚಾರವನ್ನು ಬಲ್ಲವಲ್ಲ. ಯಾವ ಹೆಸರಿನ ಕಡತ ಯಾವ ಕವಲಿನಲ್ಲಿದೆ ಎಂಬುದನ್ನು ನೆನಪಿಟ್ಟು ಅಕ್ಷರ ತಪ್ಪದೆ ಬೆರಳಚ್ಚು ಮಾಡಬೇಕು. ಆದರೂ ಒಂದು ಒಳ್ಳೆಯ ಬೀಜ ಆ ಕಾಲದ್ದೇ. 1965ರಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ಎಂಬಿಬ್ಬರು ಮರದ ಕೊಂಬೆಗಳಂತೆ ಕವಲೊಡೆಯುವ ಕಡತ ವ್ಯವಸ್ಥೆಯೊಂದನ್ನು ವಿವರಿಸಿದರು. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಯ ವಸ್ತುವಿಗೆ ಹಾಕುವ 'ಕೊಂಡಿ'ಯೂ ಅದರಲ್ಲಿತ್ತು. ವಸ್ತು ತನ್ನ ಜಾಗದಲ್ಲೇ ಇರುತ್ತದೆ. ಇನ್ನೊಂದೆಡೆ ಅದರ ಹೆಸರಷ್ಟೇ ಇರುತ್ತದೆ. ಹೆಸರನ್ನು ಹಿಡಿದರೆ ವಸ್ತು ಸಿಗುತ್ತದೆ. ಇಂದಿನ ಶಾರ್ಟ್‌ಕಟ್ಟಿನ ಮುತ್ತಜ್ಜ ಇದೇ ಕೊಂಡಿ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು ಒಂದೂವರೆ ತಾಸು ಮೌಸ್ ಹಿಡಿದು ಪರದೆಯ ಮೇಲೆ ಕೆಲಸ ಮಾಡಿ ತೋರಿಸಿದರು. ನೆನಪಿಡುವ ಕಷ್ಟಕ್ಕೆ ಬದಲು ತೋರಿಸುವ ಸುಖ ಅಲ್ಲಿಂದ ಶುರುವಾಯಿತೆನ್ನಬಹುದು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾಲಯದವರು 1973ರಲ್ಲಿ ಆಲ್ಟೋ ಎಂಬ ಯಂತ್ರವನ್ನು ಕಟ್ಟಿದರು. 1981ರಲ್ಲಿ ಅದೇ ಕಂಪನಿ ಸ್ಟಾರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಸ್ಟಾರಿನ ಪರದೆಯೇ ಒಂದು ಮೇಜು: ಮೇಲೆ ಕಾಗದ, ಫೋಲ್ಡರು, ಡ್ರಾಯರು, ಟಪಾಲಿನ ಬುಟ್ಟಿ. ಒಂದಕ್ಕೆ ಸುಮಾರು 16 ಸಾವಿರ ಡಾಲರ್ ಬೆಲೆ, ಹೆಚ್ಚು ಮಾರಾಟವಾಗಲಿಲ್ಲ.

ಅದೇ ಸಂಶೋಧನಾಲಯದಲ್ಲಿದ್ದ ಥಾಮಸ್ ಮ್ಯಾಲೋನ್ ಜನರ ನಿಜವಾದ ಮೇಜುಗಳನ್ನು ನೋಡಲು ಹೋದರು. 1983ರಲ್ಲಿ ಪ್ರಕಟವಾದ ಅವರ ಲೇಖನ ಇಂದಿಗೂ ಓದಲು ಸೊಗಸು. ಹೆಸರು ಬರೆದು ಸಾಲಾಗಿ ಇಡುವ ಫೈಲುಗಳಿಗಿಂತ ಬೇರೆಯಾಗಿ, ಮೇಜಿನ ಮೇಲೆ ಬಿದ್ದಿರುವ ರಾಶಿಗಳಿಗೂ ಒಂದು ಕೆಲಸವಿದೆ ಎಂದು ಅವರು ಕಂಡರು. ಕಣ್ಣೆದುರಿನ ರಾಶಿ 'ನನ್ನನ್ನು ಮುಗಿಸು' ಎಂದು ನೆನಪು ಮಾಡುತ್ತದೆ. ಹುಡುಕಲು ಒಂದು ಏರ್ಪಾಡು ಬೇಕು, ನೆನಪಿಸಲು ಇನ್ನೊಂದು ಬೇಕು. ಮುಂದಿನ ಕಥೆಯನ್ನು ತಿಳಿಯಲು ಈ ವ್ಯತ್ಯಾಸ ಮುಖ್ಯ.

1984ರ ಜನವರಿ 24ರಂದು ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್ ಬಂತು. ಪರದೆಯ ಎಡಮೂಲೆಯಲ್ಲಿ ಪುಟ್ಟ ಸೇಬು. ಅದನ್ನು ಒತ್ತಿದರೆ ಲೆಕ್ಕದ ಯಂತ್ರ, ಗಡಿಯಾರ, ಟಿಪ್ಪಣಿ ಪುಸ್ತಕ ಮೊದಲಾದವುಗಳ ಪಟ್ಟಿ. ಒಂದು ತಮಾಷೆಯೆಂದರೆ, ಆ ಮೊದಲ ಮ್ಯಾಕಿನಲ್ಲಿ ಫೋಲ್ಡರುಗಳು ನಿಜವಾಗಿ ಇರಲೇ ಇಲ್ಲ. ಡಿಸ್ಕಿನಲ್ಲಿ ಎಲ್ಲ ಕಡತಗಳೂ ಒಂದೇ ಜಗಲಿಯ ಮೇಲೆ ಕೂತಿರುತ್ತಿದ್ದವು. ಫೋಲ್ಡರು ಬರಿಯ ತೋರಿಕೆ. ಹಾಗಾಗಿ ಬೇರೆ ಬೇರೆ ಫೋಲ್ಡರುಗಳಲ್ಲಿ ಕೂಡ ಒಂದೇ ಹೆಸರಿನ ಎರಡು ಕಡತಗಳನ್ನು ಇಡಲು ಬರುತ್ತಿರಲಿಲ್ಲ. 1985ರಲ್ಲಿ ನಿಜವಾದ ಫೋಲ್ಡರು ಬಂತು. ಬಂದೊಡನೆ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಎಂದು ಜನ ಕಟ್ಟತೊಡಗಿದರು. ಏಳು ಬಾಗಿಲು ದಾಟಿ ದೇವರ ಕೋಣೆಗೆ ಹೋದಂತೆ ಒಂದೊಂದನ್ನೇ ತೆರೆಯುವ ಕೆಲಸ ಶುರುವಾಯಿತು.

1991ರ ಮೇ ತಿಂಗಳಲ್ಲಿ ಬಂದ ಸಿಸ್ಟಮ್ 7 ಇದಕ್ಕೊಂದು ಮದ್ದು ಕೊಟ್ಟಿತು. ಅದರಲ್ಲಿ ಒಂದು ವಿಶೇಷ ಫೋಲ್ಡರಿತ್ತು. ಅದರೊಳಗೆ ಏನು ಹಾಕಿದರೂ ಅದರ ಹೆಸರು ಸೇಬಿನ ಮೆನುವಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಜತೆಗೆ 'ಏಲಿಯಸ್' ಎಂಬ ಅಡ್ಡಹೆಸರಿನ ಸೌಲಭ್ಯ: ಮಲ್ಟಿಕ್ಸಿನ ಕೊಂಡಿಯೇ ಸಾಮಾನ್ಯರ ಕೈಗೆ ಬಂದಂತೆ. ಫೋಲ್ಡರಿಗೆ ಒಂದು ಅಡ್ಡಹೆಸರು ಮಾಡಿ ಅದನ್ನು ಆ ವಿಶೇಷ ಫೋಲ್ಡರಿಗೆ ಹಾಕಿದರಾಯಿತು. ಎಲ್ಲಿ ಕೆಲಸ ಮಾಡುತ್ತಿದ್ದರೂ ಒಂದೇ ಎಳೆತಕ್ಕೆ ಅದು ಸಿಗುತ್ತದೆ. ಪಟ್ಟಿ ಅಕಾರಾದಿಯಾಗಿ ಬರುತ್ತಿದ್ದರಿಂದ, ಬೇಕಾದದ್ದು ಮೇಲೆ ಬರಲಿ ಎಂದು ಹೆಸರಿನ ಮೊದಲು ಒಂದು ಖಾಲಿ ಜಾಗ ಬಿಡುವ ಉಪಾಯವನ್ನು ಬಳಸುವವರು ಕಂಡುಕೊಂಡರು. ಮೆನುವನ್ನು ತಿದ್ದಲು ಕಾರ್ಯಕ್ರಮ ಬರೆಯುವ ವಿದ್ಯೆ ಬೇಡ, ಎತ್ತಿಡುವ ಕೈ ಸಾಕು ಎಂಬುದು ಇಲ್ಲಿನ ದೊಡ್ಡ ಸಾಧನೆ ಎಂದು ನನ್ನ ಎಣಿಕೆ.

1995ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ 95 ಇದೇ ತತ್ತ್ವವನ್ನು ಕೋಟ್ಯಂತರ ಜನರಿಗೆ ಮುಟ್ಟಿಸಿತು. ಕೆಳಗಿನ ಎಡಮೂಲೆಯ 'ಸ್ಟಾರ್ಟ್' ಗುಂಡಿಯನ್ನು ಒತ್ತಿದರೆ ಬರುವ ಮೆನು ಕೂಡ ನಿಜದಲ್ಲಿ ಡಿಸ್ಕಿನ ಮೇಲಿನ ಒಂದು ಫೋಲ್ಡರೇ. ಯಾವುದಾದರೂ ಫೋಲ್ಡರನ್ನು ಎಳೆದುತಂದು ಆ ಗುಂಡಿಯ ಮೇಲೆ ಬಿಟ್ಟರೆ ಅದರ ಕೊಂಡಿ ಮೆನುವಿನ ನೆತ್ತಿಯಲ್ಲಿ ಬಂದು ಕೂರುತ್ತಿತ್ತು. ಮೂಲೆಯನ್ನೇ ಆರಿಸಿದ್ದರ ಹಿಂದೆಯೂ ಒಂದು ವಿಚಾರವಿದೆ. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬ ನಿಯಮವನ್ನು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ಲೆಕ್ಕಸಮೇತ ತೋರಿಸಿದ್ದರು. ಪರದೆಯ ಅಂಚಿನಲ್ಲಿ ಮೌಸಿನ ಬಾಣ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಅಂಚು, ಮೂಲೆಗಳು ಎಷ್ಟೇ ಚಿಕ್ಕದಿದ್ದರೂ ದೊಡ್ಡ ಗುರಿಗಳೇ. ವಿಂಡೋಸ್ 95 ಮಾಡಿದವರು ಗುಂಡಿಯನ್ನು ಮೂಲೆಯಿಂದ ಒಂದೆರಡು ಚುಕ್ಕೆಯಷ್ಟು ಈಚೆಗೆ ಇಟ್ಟು ಈ ಲಾಭವನ್ನು ಕೈಬಿಟ್ಟರು; ಮುಂದಿನ ಆವೃತ್ತಿಗಳಲ್ಲಿ ಅದು ಸರಿಹೋಯಿತು.

ಈ ಒಂದೆರಡು ಚುಕ್ಕೆಗಳ ಬೆಲೆ ಎಷ್ಟೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. 1998ರ ಸುಮಾರಿಗೆ ಧಾರವಾಡದ ಸಣ್ಣ ಮುದ್ರಣಾಲಯವೊಂದರಲ್ಲಿ ನಾನು ಅಕ್ಷರ ಜೋಡಿಸುವ ಕೆಲಸದಲ್ಲಿದ್ದೆ. ಅಲ್ಲಿ ಕರಡು ತಿದ್ದಲು ಬರುತ್ತಿದ್ದವರು ಒಬ್ಬ ನಿವೃತ್ತ ಶಾಲಾ ಮಾಸ್ತರರು. ಕನ್ನಡದಲ್ಲಿ ಅವರಿಗೆ ತಪ್ಪು ಕಾಣಿಸದೆ ಹೋದದ್ದನ್ನು ನಾನು ನೋಡಲಿಲ್ಲ. ಆದರೆ ಅವರ ಬಲಗೈ ನಡುಗುತ್ತಿತ್ತು. ಫೋಲ್ಡರು ತೆರೆಯಲು ಬಾಣವನ್ನು ಕದಲಿಸದೆ ಎರಡು ಸಲ ಬೇಗ ಬೇಗ ಒತ್ತಬೇಕು; ನಡುಗುವ ಕೈಗೆ ಇದು ಸೂಜಿಗೆ ದಾರ ಪೋಣಿಸುವ ಕೆಲಸ. ಬಾಣ ಜಾರಿ ಫೋಲ್ಡರೇ ಇನ್ನೊಂದರೊಳಗೆ ಹೋಗಿ ಬೀಳುವುದೂ ಇತ್ತು. ಒಂದು ದಿನ ಮೌಸನ್ನು ಬದಿಗೆ ಸರಿಸಿ ಅಂದರು: "ತಮ್ಮಾ, ದಿನಾ ಅಟ್ಟಾ ಹತ್ತಿ ಇಳಿಯೂ ವಯಸ್ಸಲ್ಲ ನಂದು. ನನ್ನ ಗಂಟು ಒಂದೀಟು ಕೆಳಗ ಇಳಿಸಿ ಇಡು."

ಸ್ಟಾರ್ಟ್ ಮೆನುವಿಗೆ ಕೀಲಿಮಣೆಯ ದಾರಿಯೂ ಇತ್ತು. ಎಡಬದಿಯ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೆನು ಏಳುತ್ತದೆ. ಆಮೇಲೆ ಪಟ್ಟಿಯಲ್ಲಿನ ಹೆಸರಿನ ಮೊದಲ ಅಕ್ಷರವನ್ನು ಒತ್ತಿದರೆ ಅದು ತೆರೆಯುತ್ತದೆ. ಹೆಸರಿನ ಮೊದಲು ಅಂಕಿ ಹಾಕಿಬಿಟ್ಟರೆ ಒಂದು, ಎರಡು, ಮೂರು ಎಂದು ಒತ್ತುವುದಷ್ಟೇ ಕೆಲಸ, ಮೌಸಿನ ಹಂಗಿಲ್ಲ. ಅವರ ಫೋಲ್ಡರುಗಳಿಗೆ ಕೊಂಡಿ ಮಾಡಿ ಅಂಕಿ ಹಾಕಲು ಕೂತೆ. ಫೋಲ್ಡರುಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ. ನಮ್ಮ ಕನ್ನಡ ಆಗ ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತವಾಗಿ ಹಂಚಿಹೋಗಿತ್ತು, ಕಡತದ ಹೆಸರಿಗೆ ಒದಗುತ್ತಿರಲಿಲ್ಲ.

"ಒಂದನೇ ನಂಬರಿಗೆ ಕರಡಿನ ಫೋಲ್ಡರ ಇಡೂಣೇನ್ರಿ ಸರ? ದಿನಾ ಬೇಕಾಗೂದು ಅದs ಅಲ್ರಿ" ಎಂದೆ. ಅವರು ಒಪ್ಪಲಿಲ್ಲ. ಒಕ್ಕಲುತನದ ಮಾತುಗಳನ್ನು ಕೂಡಿಸಿಟ್ಟಿದ್ದ ಒಂದು ಫೋಲ್ಡರಿತ್ತು. ರಂಟಿ, ಕುಂಟಿ, ಕೂರಿಗಿ, ಹಗೇವು ಮುಂತಾಗಿ ಹಳ್ಳಿಯ ಹಿರಿಯರಿಂದ ಕೇಳಿ ಬರೆದುಕೊಂಡದ್ದನ್ನು ಬಿಡುವಾದಾಗ ಅದರಲ್ಲಿ ತುಂಬುತ್ತಿದ್ದರು. ವಾರಕ್ಕೊಮ್ಮೆ ತೆರೆದರೆ ಹೆಚ್ಚು. ಅದೇ ಮೊದಲನೆಯದಾಗಬೇಕು ಎಂದರು. "ದಿನಾ ಮಾಡೂದು ತಾನs ನೆನಪಿರತೈತಿ. ಮರತೇನಿ ಅಂತ ಅಂಜಿಕಿ ಇರೂದನ್ನ ಮುಂದ ಇಡಬೇಕಪಾ." ಮ್ಯಾಲೋನರ ಲೇಖನವನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಹುಡುಕುವುದಕ್ಕೂ ನೆನಪಿಸುವುದಕ್ಕೂ ಇರುವ ಅಂತರವನ್ನು ಮಾಸ್ತರರು ಅಂದೇ ಹೇಳಿಬಿಟ್ಟಿದ್ದರು.

ಕೆಲವು ವರ್ಷಗಳಲ್ಲಿ ಮುದ್ರಣಾಲಯ ಹೊಸ ಯಂತ್ರ ಕೊಂಡಾಗ ಹಳೆಯದನ್ನು ಮಾಸ್ತರರು ಮನೆಗೆ ಒಯ್ದರು. 2004ರಲ್ಲಿ ಅವರು ತೀರಿಕೊಂಡರು. ಯಂತ್ರವನ್ನು ನೆಂಟರ ಹುಡುಗನಿಗೆ ಕೊಡುವ ಮೊದಲು ಒಮ್ಮೆ ನೋಡಿಹೋಗಿ ಎಂದು ಅವರ ಮಗ ಫೋನು ಮಾಡಿದರು. ವಿಂಡೋಸ್ 95ರ ಮೆನುವಿನಲ್ಲಿ ಯಂತ್ರ ತಾನೇ ಬರೆದುಕೊಳ್ಳುವ ಇನ್ನೊಂದು ಪಟ್ಟಿಯೂ ಇರುತ್ತಿತ್ತು: ಕಡೆಯದಾಗಿ ತೆರೆದ 15 ಕಡತಗಳ ಹೆಸರು. ಮೊದಲು ಅದನ್ನು ನೋಡಿದೆ. ಲಗ್ನಪತ್ರಿಕೆಗಳು, ವಾಸ್ತುಶಾಂತಿಯ ಆಮಂತ್ರಣ, ಸಹಕಾರಿ ಸಂಘದ ವರದಿ. ಕೊನೆಯ ದಿನಗಳಲ್ಲಿ ಅವರ ಕೈಯಿಂದ ಹಾದುಹೋದದ್ದು ಅಷ್ಟೇ. ಬಳಿಕ ಎರಡು ಕೀಲಿ ಒತ್ತಿ 'ಒಂದು' ಒತ್ತಿದೆ. ಸಾವಿರಕ್ಕೂ ಮೀರಿದ ಮಾತುಗಳು ಅಲ್ಲಿ ಅಕಾರಾದಿಯಾಗಿ ಕೂತಿದ್ದವು. ಹಾಗೊಂದು ಸಂಗ್ರಹ ಇರುವುದು ಅವರ ಮನೆಯವರಿಗೆ ಗೊತ್ತೇ ಇರಲಿಲ್ಲ. ಒಂದೇ ಯಂತ್ರದಲ್ಲಿ ಒಬ್ಬರೇ ಮನುಷ್ಯರ ಎರಡು ಪಟ್ಟಿ. ಒಂದು ಅವರು ಏನು ಮಾಡಿದರೆಂದು ಹೇಳುತ್ತಿತ್ತು, ಇನ್ನೊಂದು ಯಾವುದನ್ನು ಉಳಿಸಬೇಕೆಂದಿದ್ದರೆಂದು.

ಅಷ್ಟರಲ್ಲಿ ಲೋಕ ಮೊದಲನೆಯ ಬಗೆಯ ಪಟ್ಟಿಯ ಕಡೆಗೆ ವಾಲಿಯಾಗಿತ್ತು. ಬಳಸುವವನು ಏಕೆ ಶ್ರಮಪಡಬೇಕು, ಅವನ ಚಾಳಿ ನೋಡಿ ಯಂತ್ರವೇ ಮೆನುವನ್ನು ಜೋಡಿಸಲಿ ಎಂಬ ವಿಚಾರ ಹಳೆಯದು. 1989ರಲ್ಲಿ ಮಿಚೆಲ್ ಮತ್ತು ಶ್ನೈಡರ್‌ಮನ್ ಎಂಬ ಸಂಶೋಧಕರು ಬಳಕೆಗೆ ತಕ್ಕಂತೆ ಕದಲುವ ಮೆನುವನ್ನೂ ಕದಲದ ಮೆನುವನ್ನೂ ಜನರಿಗೆ ಕೊಟ್ಟು ನೋಡಿದ್ದರು. ಹೆಚ್ಚಿನವರು ಮೆಚ್ಚಿದ್ದು ಕದಲದ ಮೆನುವನ್ನೇ. ಕಾರಣ ಸರಳ. ಕೈಗೆ ಜಾಗದ ನೆನಪಿರುತ್ತದೆ. ಸಾಸಿವೆ ಡಬ್ಬಿ ದಿನಕ್ಕೊಂದು ಕಡೆ ಇದ್ದರೆ ಒಗ್ಗರಣೆ ಸೀಯುತ್ತದೆ. ಆದರೂ 1999ರಲ್ಲಿ ಬಂದ ಆಫೀಸ್ 2000, ಮರುವರ್ಷದ ವಿಂಡೋಸ್ 2000 ಎರಡೂ ಅಪರೂಪಕ್ಕೆ ಬಳಸಿದ ಸಾಲುಗಳನ್ನು ಮೆನುವಿನಿಂದ ಮರೆಮಾಡತೊಡಗಿದವು. ಆ ಹೆಸರು ಎಲ್ಲಿ ಹೋಯಿತೆಂದು ಜನ ತಡಕಾಡಿದರು. ಆಫೀಸ್ 2007ರಲ್ಲಿ ಹಳೆಯ ಮೆನುಗಳ ಜತೆಗೆ ಈ ಪದ್ಧತಿಯೂ ಹೋಯಿತು.

ಮ್ಯಾಕಿನ ಕಥೆ ಇನ್ನೂ ವಿಚಿತ್ರ. 2000ದ ಸೆಪ್ಟೆಂಬರಿನಲ್ಲಿ ಹೊಸ ಮ್ಯಾಕ್ ಒಎಸ್ ಎಕ್ಸ್ ಅನ್ನು ಪರೀಕ್ಷೆಗೆಂದು ಹೊರಬಿಟ್ಟಾಗ ಸೇಬು ಮೆನುಪಟ್ಟಿಯ ನಡುವೆ ಅಲಂಕಾರಕ್ಕೆ ಮಾತ್ರ ಕೂತಿತ್ತು. ಒತ್ತಿದರೆ ಏನೂ ಬರುತ್ತಿರಲಿಲ್ಲ. ಬಳಸುವವರು ಗಲಾಟೆ ಮಾಡಿದರು. 2001ರ ಮಾರ್ಚಿನಲ್ಲಿ ಸೇಬು ಎಡಮೂಲೆಗೆ ಮರಳಿತು, ಒತ್ತಿದರೆ ಮೆನುವೂ ಬಂತು. ಆದರೆ ಅದರಲ್ಲಿ ನಮ್ಮದನ್ನು ಸೇರಿಸುವ ಹಕ್ಕು ಮರಳಲಿಲ್ಲ. ಅದಕ್ಕೆ ಬದಲಾಗಿ ಪರದೆಯ ಬುಡದಲ್ಲಿ ಡಾಕ್ ಎಂಬ ಸಾಲು ಬಂತು; 2003ರಲ್ಲಿ ಫೋಲ್ಡರು ಕಿಟಕಿಯ ಪಕ್ಕಕ್ಕೊಂದು ಪಟ್ಟಿ ಬಂತು. ಮೈಕ್ರೋಸಾಫ್ಟಿನವರು 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಮೆನುವನ್ನೇ ತೆಗೆದರು. 2015ರ ವಿಂಡೋಸ್ 10ರಲ್ಲಿ ಮತ್ತೆ ತಂದರು. ಕೆಳಗಿನ ಪಟ್ಟಿಗೆ ನಮ್ಮ ಫೋಲ್ಡರನ್ನೇ ಮೆನುವಾಗಿ ಸಿಕ್ಕಿಸುವ ಸೌಲಭ್ಯ ಬಹುಕಾಲ ಇದ್ದು, 2021ರ ವಿಂಡೋಸ್ 11ರಲ್ಲಿ ಇಲ್ಲವಾಯಿತು.

ಹುಡುಕುವ ಪೆಟ್ಟಿಗೆ ಇರುವಾಗ ಪಟ್ಟಿ ಏಕೆ ಎಂದು ಕೇಳುವವರಿದ್ದಾರೆ. 2008ರಲ್ಲಿ ಓಫರ್ ಬರ್ಗ್‌ಮನ್ ಮತ್ತು ಅವರ ಸಂಗಡಿಗರು ಇದನ್ನೇ ಪರಿಶೀಲಿಸಿದರು. ಹುಡುಕುವ ಸಾಧನ ಎಷ್ಟು ಚುರುಕಾದರೂ ಜನ ತಮ್ಮ ಕಡತಗಳಿಗೆ ಫೋಲ್ಡರಿನಿಂದ ಫೋಲ್ಡರಿಗೆ ನಡೆದುಹೋಗುವುದನ್ನೇ ಬಯಸುತ್ತಾರೆಂದು ಕಂಡರು. ಹುಡುಕಬೇಕಾದರೆ ಹೆಸರು ನೆನಪಿರಬೇಕು. ಹೆಸರೇ ಮರೆತುಹೋದದ್ದನ್ನು, ಇದೆ ಎಂಬುದೇ ಮರೆತುಹೋದದ್ದನ್ನು ಯಾವ ಪೆಟ್ಟಿಗೆಯಲ್ಲಿ ಕೇಳುವುದು? ಮಾಸ್ತರರ ಮನೆಯವರು ಯಾವ ಹೆಸರು ಹಿಡಿದು ಹುಡುಕಬೇಕಿತ್ತು?

ಒಂದು ವಿಷಯದಲ್ಲಿ ಮಾತ್ರ ಈಗ ಸುಖವಿದೆ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ನಮ್ಮಂಥವರ ಮೇಜಿಗೂ ಬಂತು. ಇಂದು ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಬಹುದು, ಅದು ಪಟ್ಟಿಯಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಅಂಟಿಸಿಡುವ ಅವಕಾಶವೂ ಪೂರ್ತಿ ಹೋಗಿಲ್ಲ. ವಿಂಡೋಸಿನಲ್ಲಾಗಲಿ ಮ್ಯಾಕಿನಲ್ಲಾಗಲಿ ಫೋಲ್ಡರು ಕಿಟಕಿಯ ಎಡಬದಿಯ ಪಟ್ಟಿಗೆ ನಮಗೆ ಬೇಕಾದ ಫೋಲ್ಡರುಗಳನ್ನು ಸೇರಿಸಬಹುದು, ಮೇಲೆ ಕೆಳಗೆ ಸರಿಸಬಹುದು. ಅರೆ ನಿಮಿಷದ ಕೆಲಸ. ಯಂತ್ರ ತಾನಾಗಿ ತುಂಬುವ 'ಇತ್ತೀಚಿನವು' ಕೆಳಗಿರಲಿ; ಅದರಿಂದಲೂ ಉಪಯೋಗವಿದೆ. ಮೇಲಿನ ನಾಲ್ಕು ಸಾಲುಗಳನ್ನಾದರೂ ನಮ್ಮ ಕೈಯಿಂದ ಬರೆಯುವುದು ಒಳ್ಳೆಯದು.

ನನ್ನ ಪಟ್ಟಿಯಲ್ಲಿ ಈಗ ಐದು ಹೆಸರುಗಳಿವೆ. ಮೂರು ಹೊಟ್ಟೆಪಾಡಿನವು, ಒಂದು ಮನೆಯದು. ಎಲ್ಲಕ್ಕೂ ಮೇಲಿರುವುದು 'ಒಕ್ಕಲು ಮಾತು'. ಹಳೆಯ ಅಕ್ಷರಶೈಲಿಯಲ್ಲಿದ್ದ ಮಾಸ್ತರರ ಬರಹವನ್ನು ಯುನಿಕೋಡಿಗೆ ತಿರುಗಿಸಿ, ಒಂದೊಂದು ಮಾತನ್ನೂ ಊರಿನವರಿಗೆ ಓದಿ ಹೇಳಿ ಸರಿನೋಡುತ್ತಿದ್ದೇನೆ. ಮಾತು ಗೊತ್ತಿರುವವರು ಕಡಮೆಯಾಗುತ್ತಿದ್ದಾರೆ. ಸದ್ಯ 'ಮ'ಕಾರದಲ್ಲಿದ್ದೇನೆ: ಮಿಣಿ, ಮೇಟಿ, ಮೊರ.